ನೀರಿನ ಸರದಿ

ಪುಣೆಯಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಖಡಕವಾಸಲೆಯ ಜಲಾಶಯವನ್ನು ನೋಡದವರು ವಿರಳ. ಅಲ್ಲಿ 1903ರಲ್ಲಿ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಿದವರು ಮುದ್ದೇನಹಳ್ಳಿಯ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರೆಂದು ನಾವೆಲ್ಲರೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಈ ಊರಿನ ವಿಜ್ಞಾನ ಕಾಲೇಜಿನಲ್ಲಿ ಓದಿ, 1884ರಲ್ಲಿ ಮುಂಬಯಿ ಸರಕಾರದ ಸೇವೆಗೆ ಸೇರಿದವರು ಅವರು. ಆದರೆ ಅದೇ ವರ್ಷಗಳಲ್ಲಿ ಇದೇ ಜಿಲ್ಲೆಯಲ್ಲಿ ಅವರು ಕೈಗೊಂಡ ಇನ್ನೊಂದು ಕಾರ್ಯವನ್ನು ಸ್ಮರಿಸುವವರು ಕಡಿಮೆ. ಅದೇ ನೀರಾ ಕಾಲುವೆಯ ‘ಬ್ಲಾಕ್ ಪದ್ಧತಿ’.

1885ರಲ್ಲಿ ತೆರೆದ ಆ ಕಾಲುವೆಯ ಉದ್ದೇಶ ಕ್ಷಾಮ ನಿವಾರಣೆ. ನಡೆದುದು ಬೇರೆ. ಮಳೆ ಚೆನ್ನಾಗಿ ಬಂದ ವರ್ಷ ಕಾಲುವೆಯ ನೀರನ್ನು ಕೇಳುವವರಿಲ್ಲ. ಬಾರದ ವರ್ಷ ಎಲ್ಲರಿಗೂ ಬೇಕು. ಕಬ್ಬು ಬೆಳೆಯುವವರು ಧಾರಾಳವಾಗಿ ಹರಿಸಿಕೊಂಡರೆ ಕೊನೆಯ ಹಳ್ಳಿಗಳಿಗೆ ಉಳಿಯುವುದೆಷ್ಟು? ಅತಿ ನೀರಿನಿಂದ ಭೂಮಿಯೂ ಕೆಡುತ್ತಿತ್ತು. 1899-1900ರ ಘೋರ ಕ್ಷಾಮದ ತರುವಾಯ, 1901-03ರ ನೀರಾವರಿ ಆಯೋಗವು ಈ ಪ್ರಶ್ನೆಯನ್ನು ವಿಚಾರಿಸಿತು.

ವಿಶ್ವೇಶ್ವರಯ್ಯನವರ ಯೋಜನೆ ಹೀಗಿತ್ತು: ಜಮೀನುಗಳನ್ನು ಬ್ಲಾಕುಗಳಾಗಿ ವಿಂಗಡಿಸಬೇಕು. ಬ್ಲಾಕಿನ ಮೂರನೆಯ ಒಂದು ಪಾಲಿನಲ್ಲಿ ಮಾತ್ರ ಕಬ್ಬು. ಉಳಿದೆಡೆ ಕಡಿಮೆ ನೀರಿನ ಬೆಳೆ. ಕಬ್ಬಿನ ಸರದಿ ಜಾಗದಿಂದ ಜಾಗಕ್ಕೆ ತಿರುಗಬೇಕು. ಪ್ರತಿಯಾಗಿ ಸರಕಾರವು ಹಲವು ವರ್ಷಗಳವರೆಗೆ ನೀರಿನ ಖಾತರಿ ಕೊಡಬೇಕು.

ಇಷ್ಟ ಬಂದಂತೆ ನೀರು ಬಳಸುತ್ತಿದ್ದವರಿಗೆ ಇದು ರುಚಿಸಲಿಲ್ಲ. ವಿರೋಧ ಬಂದಿತು. ಅಧಿಕಾರ ಕೈಯಲ್ಲಿದ್ದವರು ಹುಕುಂ ಹೊರಡಿಸಿ ಸುಮ್ಮನಿರಬಹುದಾಗಿತ್ತು. ಅವರಾದರೋ ರೈತರೊಡನೆ ಸಭೆ ಸೇರಿ ತಮ್ಮ ಉದ್ದೇಶವನ್ನು ವಿವರಿಸಿದರು.

ಇದರಿಂದ ನಾವು ಗ್ರಹಿಸಬೇಕಾದ ನೀತಿ ಮೂರು. ಮೊದಲನೆಯದು, ಬದಲಾವಣೆಗೆ ಮುಂಚೆ ಅಳತೆ: ಎಷ್ಟು ನೀರಿದೆ, ಯಾರಿಗೆ ಹೋಗುತ್ತಿದೆ ಎಂಬ ಲೆಕ್ಕ. ಎರಡನೆಯದು, ಎಲ್ಲ ಕಡೆಯೂ ಒಮ್ಮೆಲೇ ಕೈ ಹಾಕದಿರುವುದು: ನೀರಾದಲ್ಲಿ ಮೊದಲು ನಡೆದುದು ಮುಂದೆ ದಖ್ಖನಿನ ಇತರ ಕಾಲುವೆಗಳಿಗೂ ಹರಡಿತು. ಮೂರನೆಯದೇ ಮುಖ್ಯ: ಜನರಿಂದ ಏನನ್ನಾದರೂ ಬಿಡಿಸುವಾಗ, ತಾನು ಕೊಡುವುದನ್ನು ಖಚಿತವಾಗಿ ಹೇಳಿ ಅದಕ್ಕೆ ಕಟ್ಟುಬೀಳುವುದು. ಖಡಕವಾಸಲೆಯ ಬಾಗಿಲು ನೀರಿನ ಒತ್ತಡಕ್ಕೆ ತಾನಾಗಿ ತೆರೆಯುತ್ತಿತ್ತು. ಮನುಷ್ಯನ ಮನಸ್ಸು ಒತ್ತಡಕ್ಕೆ ತೆರೆಯುವುದಿಲ್ಲ.

ಬ್ಯಾಂಕಿನ ಗುಮಾಸ್ತರಾದ ನಮಗೆ ಇದು ಹಳೆಯ ಕಥೆಯಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರಲ್ಲಿ ಸ್ಥಾಪಿತವಾದ ಮೈಸೂರು ಬ್ಯಾಂಕು, 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ಲೆಡ್ಜರು ಹೋಗಿ ಕಂಪ್ಯೂಟರು ಬಂದುದನ್ನೂ, ಹಳೆಯ ಹೆಸರಿನ ಫಲಕಗಳು ಇಳಿದುದನ್ನೂ ನಮ್ಮ ವೃತ್ತಿಯವರು ಕಂಡಿದ್ದಾರೆ. ಇಂಥ ಹೊತ್ತಿನಲ್ಲಿ ಸುತ್ತೋಲೆ ಎಲ್ಲರಿಗೂ ತಲಪುತ್ತದೆ. ವಿವರಣೆ ತಲಪುವುದು ಅಪರೂಪ. ಕೌಂಟರಿನ ಆಚೆ ನಿಂತ ವೃದ್ಧ ಪಿಂಚಣಿದಾರರು “ನನ್ನ ಹಣ ಎಲ್ಲಿ?” ಎಂದು ಕೇಳಿದಾಗ ಉತ್ತರಿಸಬೇಕಾದವನು ಗುಮಾಸ್ತ; ಅವನಿಗೇ ತಿಳಿಸದಿದ್ದರೆ ಅವನು ಹೇಳುವುದೇನನ್ನು? ಕಾಲುವೆಯ ಕೊನೆಯ ಹಳ್ಳಿಯ ಪಾಡೇ ಅವನದು.

ಬ್ಲಾಕ್ ಪದ್ಧತಿಯಿಂದ ಸಕಲವೂ ಸರಿಹೋಯಿತೆಂದಲ್ಲ. ನೀರಾ ಕಣಿವೆಯಲ್ಲಿ ಕಬ್ಬು ಬೆಳೆಯುತ್ತಲೇ ಹೋಯಿತು. 1930ರ ದಶಕದಲ್ಲಿ ಸಕ್ಕರೆ ಕಾರ್ಖಾನೆಗಳೂ ಎದ್ದವು. ಮೇಲಿನವರಿಗೆಷ್ಟು, ಕೊನೆಯವರಿಗೆಷ್ಟು ಎಂಬ ವ್ಯಾಜ್ಯ ಇಂದಿಗೂ ಮುಗಿದಿಲ್ಲ. ಸರದಿಯನ್ನು ಗೊತ್ತುಮಾಡಿದವನು ಒಬ್ಬನಾದರೆ, ಕಾಯಬೇಕಾದವರು ತರುವಾಯದವರೆಲ್ಲರೂ.

ರಾಜ್ಯೋತ್ಸವದ ಈ ಸಂದರ್ಭದಲ್ಲಿ ಆ ಮಹನೀಯರ ಚಿತ್ರಕ್ಕೆ ಹಾರ ಹಾಕುವುದು ಉಚಿತವೇ. ಅದರೊಡನೆ, ನಮ್ಮ ಕೈಕೆಳಗೆ ನಾಲ್ಕು ಜನ ಕೆಲಸ ಮಾಡುವಂತಾದ ದಿನ, ಸಾಲಿನ ಕೊನೆಯವನಿಗೆ ನೀರು ಮುಟ್ಟಿತೇ ಎಂದು ಹೋಗಿ ನೋಡುವ ಅಭ್ಯಾಸವನ್ನೂ ಇಟ್ಟುಕೊಳ್ಳೋಣ.