ಮುಕ್ಕಾಲು ಪ್ರತಿನಿಧಿಯನ್ನು ಕಳಿಸುವುದು ಹೇಗೆ?



ಸಂಘದ ಚುನಾವಣೆ ಹತ್ತಿರ ಬಂತೆಂದರೆ "ನಮ್ಮ ಹಳ್ಳಿಗೆ ಎಷ್ಟು ಸ್ಥಾನ, ಅವರ ಹಳ್ಳಿಗೆ ಎಷ್ಟು?" ಎಂಬ ಮಾತು ಅರಳಿಕಟ್ಟೆಯ ಮೇಲೆ ಶುರುವಾಗುತ್ತದೆ. ಜನ ಹೆಚ್ಚಿದ್ದ ಕಡೆಗೆ ಹೆಚ್ಚು, ಕಡಿಮೆ ಇದ್ದ ಕಡೆಗೆ ಕಡಿಮೆ. ಇದರಲ್ಲೇನು ಕಷ್ಟ ಅಂತೀರಾ? ಹಾಲಾದರೆ ಕಾಲು ಲೀಟರು, ಅರ್ಧ ಲೀಟರು ಎಂದು ಅಳೆದು ಕೊಡಬಹುದು. ಮನುಷ್ಯನನ್ನು ಮುಕ್ಕಾಲು ಮಾಡಿ ಕುರ್ಚಿಯಲ್ಲಿ ಕೂರಿಸಲಾಗದು. ಈ ಮುಕ್ಕಾಲಿನ ಲೆಕ್ಕಕ್ಕೇ ಅಮೆರಿಕದವರು ಸುಮಾರು ನೂರೈವತ್ತು ವರ್ಷ ಗುದ್ದಾಡಿದರು.

ಅಲ್ಲಿ ಮೊದಲ ಜನಗಣತಿ ನಡೆದದ್ದು 1790ರಲ್ಲಿ. ಗುಲಾಮರನ್ನು ಐದರಲ್ಲಿ ಮೂರು ಪಾಲಿನಂತೆ ಎಣಿಸಿಕೊಂಡರು, ಓಟು ಮಾತ್ರ ಕೊಡಲಿಲ್ಲ. ಆ ಅನ್ಯಾಯದ ಕಥೆಯೇ ಬೇರೆ. 1792ರಲ್ಲಿ ಸಂಸತ್ತು 120 ಸ್ಥಾನಗಳ ಮಸೂದೆಯನ್ನು ಅಂಗೀಕರಿಸಿತು. ಹಣಕಾಸು ಮಂತ್ರಿ ಹ್ಯಾಮಿಲ್ಟನ್ ಸಮರ್ಥಿಸಿದ ಕ್ರಮವಿದು: ಮೊದಲು ಪ್ರತಿ ರಾಜ್ಯಕ್ಕೂ ಅದರ ಪಾಲಿನ ಪೂರ್ಣಾಂಕ ಕೊಡುವುದು; ಉಳಿದ ಸ್ಥಾನಗಳನ್ನು ಯಾರ ಶೇಷ ದೊಡ್ಡದೋ ಅವರಿಗೆ ಹಂಚುವುದು. ವಿದೇಶಾಂಗ ಮಂತ್ರಿ ಜೆಫರ್ಸನ್ ಒಪ್ಪಲಿಲ್ಲ. 30,000 ಜನಕ್ಕೆ ಒಬ್ಬರಿಗಿಂತ ಹೆಚ್ಚು ಪ್ರತಿನಿಧಿ ಇರಬಾರದೆಂಬ ಸಂವಿಧಾನದ ನಿಯಮ ಎಂಟು ರಾಜ್ಯಗಳಲ್ಲಿ ಮುರಿದಿತ್ತು. ಅಧ್ಯಕ್ಷ ವಾಷಿಂಗ್ಟನ್ ಮಸೂದೆಯನ್ನು ವಾಪಸು ಕಳಿಸಿದರು. ಆ ದೇಶದ ಚರಿತ್ರೆಯಲ್ಲಿ ಅಧ್ಯಕ್ಷರು ಮಸೂದೆಯೊಂದನ್ನು ತಡೆದದ್ದು ಅದೇ ಮೊದಲು.

ಬದಲಿಗೆ ಜೆಫರ್ಸನ್ ಕ್ರಮ ಬಂತು: ಜನಸಂಖ್ಯೆಯನ್ನು 33,000ದಿಂದ ಭಾಗಿಸಿ ಶೇಷವನ್ನು ಬಿಟ್ಟುಬಿಡುವುದು. ಒಟ್ಟು 105 ಸ್ಥಾನ. 6,30,560 ಲೆಕ್ಕದ ವರ್ಜೀನಿಯಕ್ಕೆ 19 ಬಂದವು. 55,540 ಲೆಕ್ಕದ ಪುಟ್ಟ ಡೆಲವೇರ್‌ಗೆ ಹಿಂದಿನ ಮಸೂದೆಯಲ್ಲಿ ಇದ್ದ ಎರಡು ಹೋಗಿ ಒಂದೇ ಉಳಿಯಿತು. ಚೂರು ಬಿಟ್ಟರೆ ದೊಡ್ಡ ಮನೆಗೆ ಗೊತ್ತಾಗುವುದಿಲ್ಲ, ಸಣ್ಣ ಮನೆಗೆ ಒಂದು ಹೊತ್ತಿನ ಊಟವೇ ಹೋಗುತ್ತದೆ. ವಾಷಿಂಗ್ಟನ್, ಜೆಫರ್ಸನ್ ಇಬ್ಬರೂ ವರ್ಜೀನಿಯದವರೇ ಎಂಬುದನ್ನು ಸುಮ್ಮನೆ ಹೇಳಿಟ್ಟಿರುತ್ತೇನೆ!

1850ರ ನಂತರ ಹ್ಯಾಮಿಲ್ಟನ್ ಕ್ರಮವೇ ಮತ್ತೆ ಬಂತು. ಆದರೆ 1880ರ ಜನಗಣತಿಯ ಲೆಕ್ಕ ಹಾಕುವಾಗ ಗುಮಾಸ್ತರಿಗೆ ವಿಚಿತ್ರ ಕಂಡಿತು. ಸಭೆಯಲ್ಲಿ 299 ಸ್ಥಾನವಿದ್ದರೆ ಅಲಬಾಮ ರಾಜ್ಯಕ್ಕೆ 8. 300 ಮಾಡಿದರೆ 7! ಹೇಗೆಂದು ನಾವೇ ಲೆಕ್ಕ ಹಾಕಿ ನೋಡೋಣ. ಮೂರು ಹಳ್ಳಿಗಳಲ್ಲಿ ಕ್ರಮವಾಗಿ 425, 335, 140 ಷೇರುದಾರರಿದ್ದಾರೆ ಎನ್ನಿ. ನಿರ್ದೇಶಕರು 9 ಆದರೆ ಪಾಲು 4.25, 3.35, 1.40. ಪೂರ್ಣಾಂಕ ಕೂಡಿದರೆ 8. ಉಳಿದ ಒಂದು ಸಣ್ಣ ಹಳ್ಳಿಗೆ. ಅಲ್ಲಿಗೆ 4, 3, 2. ನಿರ್ದೇಶಕರನ್ನು 10 ಮಾಡಿ. ಪಾಲು 4.72, 3.72, 1.56. ಉಳಿದ ಎರಡೂ ದೊಡ್ಡ ಹಳ್ಳಿಗಳಿಗೆ ಹೋಗಿ 5, 4, 1 ಆಯಿತು. ಕುರ್ಚಿ ಒಂದು ಹೆಚ್ಚಿತು, ಸಣ್ಣ ಹಳ್ಳಿಗೆ ಒಂದು ಕಡಿಮೆಯಾಯಿತು. ಯಾರೂ ಮೋಸ ಮಾಡಿಲ್ಲ, ಒಬ್ಬ ಷೇರುದಾರನೂ ಬಿಟ್ಟುಹೋಗಿಲ್ಲ.

ಕಡೆಗೆ 1941ರಲ್ಲಿ ಅಮೆರಿಕದವರು ಹಂಟಿಂಗ್‌ಟನ್, ಹಿಲ್ ಎಂಬಿಬ್ಬರ ಹೆಸರಿನ ಬೇರೊಂದು ಸೂತ್ರವನ್ನು ಕಾನೂನು ಮಾಡಿಕೊಂಡರು. ಅದರಲ್ಲಿ ಈ ವಿಚಿತ್ರ ಬರುವುದಿಲ್ಲ. ಆದರೆ ಇಂಥ ವಿಚಿತ್ರಗಳಿಂದೆಲ್ಲ ಪಾರಾದ ಯಾವ ಸೂತ್ರವಾದರೂ ಒಂದಲ್ಲ ಒಂದು ಸಂದರ್ಭದಲ್ಲಿ, ನಾಲ್ಕೋ ಐದೋ ಬರಬೇಕಾದವರಿಗೆ ಮೂರನ್ನೋ ಆರನ್ನೋ ಕೊಟ್ಟೀತು ಎಂದು ಬಲಿನ್ಸ್ಕಿ ಮತ್ತು ಯಂಗ್ ಎಂಬ ವಿದ್ವಾಂಸರು 1982ರ ತಮ್ಮ ಪುಸ್ತಕದಲ್ಲಿ ಗಣಿತದಿಂದಲೇ ತೋರಿಸಿದರು.