ಟಿಪ್ಪಣಿ ಎಲ್ಲಿ ಕೂರುತ್ತದೆ? ಮುಕ್ತ ತಂತ್ರಾಂಶದ ಟಿಪ್ಪಣಿ ಆ್ಯಪ್‌ಗಳು ನಡೆದು ಬಂದ ದಾರಿ

2023ರ ಕೊನೆಗೆ ಎವರ್‌ನೋಟ್ ತನ್ನ ಉಚಿತ ಖಾತೆಗೆ ಹೊಸ ಮಿತಿ ಹಾಕಿತು: ಒಟ್ಟು 50 ಟಿಪ್ಪಣಿ, ಒಂದೇ ನೋಟ್‌ಬುಕ್. ಹಳೆಯ ಬರಹಗಳನ್ನು ಕಂಪನಿ ಅಳಿಸಲಿಲ್ಲ. ಅವನ್ನು ಓದಬಹುದಿತ್ತು, ತಿದ್ದಬಹುದಿತ್ತು, ಹೊರಗೆ ಒಯ್ಯಲೂಬಹುದಿತ್ತು. ಆದರೆ ಮಿತಿ ದಾಟಿದವರು ಹಣ ಕಟ್ಟದೆ ಹೊಸದೊಂದು ಟಿಪ್ಪಣಿ ಸೇರಿಸುವಂತಿರಲಿಲ್ಲ. ಮನೆ ಖರ್ಚಿನಿಂದ ಹಿಡಿದು ಸಂಶೋಧನೆಯ ಟಿಪ್ಪಣಿಗಳವರೆಗೆ ಎಲ್ಲವನ್ನೂ ವರ್ಷಗಟ್ಟಲೆ ಅಲ್ಲೇ ತುಂಬಿಟ್ಟವರು ಬೇರೆ ಜಾಗ ಹುಡುಕತೊಡಗಿದರು. ಆಗ ಮತ್ತೆ ಮತ್ತೆ ಕೇಳಿಬಂದವು ಜಾಪ್ಲಿನ್, ಲಾಗ್‌ಸೀಕ್, ಟ್ರಿಲಿಯಂ, ಸ್ಟ್ಯಾಂಡರ್ಡ್ ನೋಟ್ಸ್, ನೋಟ್ಸ್‌ನೂಕ್ ಎಂಬ ಹೆಸರುಗಳು. ಐದೂ ಮುಕ್ತ ತಂತ್ರಾಂಶಗಳೇ.

ಯಾವುದು ಒಳ್ಳೆಯದು ಎಂದು ಕೇಳಿದವರಿಗೆ ಸಾಮಾನ್ಯವಾಗಿ ಸಿಗುವುದು ಸೌಲಭ್ಯಗಳ ಪಟ್ಟಿ. ಆ ಪಟ್ಟಿ ಆರು ತಿಂಗಳಿಗೊಮ್ಮೆ ಬದಲಾಗುತ್ತದೆ. ಬರೆದದ್ದು ಯಾವ ರೂಪದಲ್ಲಿ, ಎಲ್ಲಿ ಕೂರುತ್ತದೆ ಎಂಬ ಪ್ರಶ್ನೆ ಮಾತ್ರ ಇಪ್ಪತ್ತು ವರ್ಷಗಳಿಂದ ಹಾಗೆಯೇ ಇದೆ. ಈ ಕ್ಷೇತ್ರದ ಕಥೆಯನ್ನು ಆ ಒಂದು ಪ್ರಶ್ನೆಯ ಸುತ್ತ ಹೇಳಬಹುದು. ಆ್ಯಪ್ ಆರಿಸಲೂ ಅದೇ ದಾರಿ ಎಂಬುದು ನನ್ನ ಗಟ್ಟಿ ನಂಬಿಕೆ.

ಕಥೆಯನ್ನು 2003ರಿಂದ ಶುರು ಮಾಡೋಣ. ಆಮ್‌ಸ್ಟರ್‌ಡ್ಯಾಮಿನ ಖಗೋಳ ವಿಜ್ಞಾನಿ ಕಾರ್ಸ್ಟನ್ ಡಾಮಿನಿಕ್ ತಮ್ಮ ಕೆಲಸಗಳ ಪಟ್ಟಿ ಮತ್ತು ಟಿಪ್ಪಣಿಗಳಿಗಾಗಿ ಈಮ್ಯಾಕ್ಸ್ ಸಂಪಾದಕದೊಳಗೆ ಆರ್ಗ್ ಮೋಡ್ ಎಂಬುದನ್ನು ಕಟ್ಟಿದರು. ಬರಹವೆಲ್ಲ ಬರೀ ಪಠ್ಯ. ಸಾಲಿನ ಮುಂದೆ ಒಂದು ನಕ್ಷತ್ರ ಹಾಕಿದರೆ ಶೀರ್ಷಿಕೆ, ಎರಡು ಹಾಕಿದರೆ ಉಪಶೀರ್ಷಿಕೆ. 2004ರಲ್ಲಿ ಜಾನ್ ಗ್ರೂಬರ್ ಅವರು ಆರನ್ ಸ್ವಾರ್ಟ್ಜ್ ಅವರ ನೆರವು ಪಡೆದು ಮಾರ್ಕ್‌ಡೌನ್ ಎಂಬ ಬರವಣಿಗೆಯ ಕ್ರಮವನ್ನು ಹೊರತಂದರು. ಅದು ವೆಬ್ ಬರಹಗಾರರಿಗೆಂದು ಮಾಡಿದ್ದು. ಇಂದು ಹಲವು ಟಿಪ್ಪಣಿ ಆ್ಯಪ್‌ಗಳಲ್ಲಿ ಬಳಕೆಯಲ್ಲಿರುವ ರೂಪ ಅದೇ. ಯಾವ ಕಂಪ್ಯೂಟರಿನಲ್ಲಾದರೂ, ಯಾವ ಸಾದಾ ಸಂಪಾದಕದಲ್ಲಾದರೂ ತೆರೆದು ಓದಬಹುದು ಎಂಬುದೇ ಅದರ ಬಲ.

ಅದೇ 2004ರಲ್ಲಿ ಇನ್ನೆರಡು ಪ್ರಯೋಗಗಳು ಬಂದವು. ಜೆರೆಮಿ ರಸ್ಟನ್ ಅವರ ಟಿಡ್ಲಿವಿಕಿ ಒಂದೇ ಒಂದು ಎಚ್‌ಟಿಎಂಎಲ್ ಫೈಲ್. ತಂತ್ರಾಂಶವೂ ಅದೇ, ಟಿಪ್ಪಣಿಗಳೂ ಅದರೊಳಗೇ. ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಿ ಯಾವ ಬ್ರೌಸರಿನಲ್ಲಾದರೂ ತೆರೆಯಬಹುದಾಗಿತ್ತು. ಇಷ್ಟು ಚೆಂದದ ಕಲ್ಪನೆಗೆ ತೊಡಕಾದದ್ದು ಬ್ರೌಸರುಗಳ ಭದ್ರತೆ: ಪುಟವೊಂದು ತನ್ನನ್ನು ತಾನೇ ಡಿಸ್ಕಿಗೆ ಉಳಿಸಿಕೊಳ್ಳುವುದಕ್ಕೆ ಅವು ತಡೆಹಾಕುತ್ತ ಬಂದವು. ಫೈರ್‌ಫಾಕ್ಸ್ ಬಳಸುವವರು ಟಿಡ್ಲಿಫಾಕ್ಸ್ ಎಂಬ ಆ್ಯಡ್‌ಆನ್ ನೆಚ್ಚಿಕೊಂಡಿದ್ದರು. 2017ರ ನವೆಂಬರಿನಲ್ಲಿ ಫೈರ್‌ಫಾಕ್ಸ್ 57 ಬಂದು ಹಳೆಯ ಬಗೆಯ ಆ್ಯಡ್‌ಆನ್‌ಗಳನ್ನೆಲ್ಲ ಕೈಬಿಟ್ಟಾಗ ಆ ದಾರಿಯೂ ಮುಚ್ಚಿತು. ಟಿಡ್ಲಿವಿಕಿ ಇಂದಿಗೂ ಬದುಕಿದೆ. ಉಳಿಸುವುದಕ್ಕೆ ಮಾತ್ರ ಹೊಸಬರು ಮೊದಲು ಒಂದು ವ್ಯವಸ್ಥೆ ಮಾಡಿಕೊಳ್ಳಬೇಕು.

ಇನ್ನೊಂದು, ಅಲೆಕ್ಸ್ ಗ್ರೇವ್ಲಿ ಅವರ ಟಾಮ್‌ಬಾಯ್. ಲಿನಕ್ಸ್‌ನ ಗ್ನೋಮ್ ಡೆಸ್ಕ್‌ಟಾಪ್ ಬಳಸುವವರ ಅಚ್ಚುಮೆಚ್ಚಿನ ಪುಟ್ಟ ತಂತ್ರಾಂಶ. ಒಂದು ಟಿಪ್ಪಣಿಯ ಹೆಸರನ್ನು ಇನ್ನೊಂದರಲ್ಲಿ ಬರೆದರೆ ಸಾಕು, ಕೊಂಡಿ ತಾನೇ ಬೀಳುತ್ತಿತ್ತು. ಅದು ನಿಂತಿದ್ದದ್ದು ಮೋನೋ ಎಂಬ ತಳಹದಿಯ ಮೇಲೆ. ಮೈಕ್ರೋಸಾಫ್ಟಿನ ತಂತ್ರಜ್ಞಾನವನ್ನು ಅನುಸರಿಸಿದ್ದರಿಂದ ಮೋನೋ ಬಗ್ಗೆ ಲಿನಕ್ಸ್ ವಲಯದಲ್ಲಿ ಜೋರು ವಾಗ್ವಾದವೇ ನಡೆಯಿತು. 2009ರಲ್ಲಿ ಊಬರ್ ಫಿಗ್ಯೇರ್ ಟಾಮ್‌ಬಾಯ್ ಅನ್ನು ಬೇರೆ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪುನಃ ಬರೆದು ಜಿನೋಟ್ ಎಂದು ಹೆಸರಿಟ್ಟರು. ನನಗೆ ಮುಖ್ಯವೆನಿಸುವುದು ಆ ಜಗಳವಲ್ಲ. ಟಾಮ್‌ಬಾಯ್ ಟಿಪ್ಪಣಿಗೊಂದರಂತೆ ಎಕ್ಸ್‌ಎಂಎಲ್ ಫೈಲ್ ಇಡುತ್ತಿತ್ತು. ಹಾಗಾಗಿ ಜಿನೋಟ್ ಅವನ್ನು ಸಲೀಸಾಗಿ ಒಳಗೆ ತೆಗೆದುಕೊಂಡಿತು. ತಂತ್ರಾಂಶ ಬದಲಾಯಿತು, ಬರಹ ಉಳಿಯಿತು.

2008ರ ನಂತರ ಎಲ್ಲವೂ ಫೋನಿನ ಕಡೆ ವಾಲಿತು. ಬಸ್ಸಿನಲ್ಲಿ ಬರೆದದ್ದು ಮನೆಯ ಲ್ಯಾಪ್‌ಟಾಪಿನಲ್ಲಿ ಕಾಣಬೇಕೆಂಬ ಆಸೆ ಹುಟ್ಟಿತು. ಎವರ್‌ನೋಟ್ ಆ ಆಸೆಯನ್ನು ಚೆನ್ನಾಗಿ ಪೂರೈಸಿತು. ಮುಕ್ತ ತಂತ್ರಾಂಶದವರು ಇಲ್ಲಿ ಹಿಂದೆ ಬಿದ್ದರು ಎಂದು ಒಪ್ಪಿಕೊಳ್ಳಲೇಬೇಕು. ಸಿಂಕ್ ಮಾಡಲು ಸರ್ವರ್ ಬೇಕು, ಸರ್ವರಿಗೆ ತಿಂಗಳು ತಿಂಗಳೂ ಹಣ ಬೇಕು. ಬಿಡುವಿನಲ್ಲಿ ಕೋಡ್ ಬರೆಯುವವರಿಗೆ ಅದನ್ನು ಹೊಂದಿಸುವುದು ಕಷ್ಟವಿತ್ತು. ಸಿಂಕ್ ಮಾಡುತ್ತಿದ್ದ ಸಿಂಪಲ್‌ನೋಟ್ ಎಂಬ ಟಿಪ್ಪಣಿ ಆ್ಯಪ್ ಅನ್ನು 2013ರಲ್ಲಿ ಆಟೊಮ್ಯಾಟಿಕ್ ಕಂಪನಿ ಕೊಂಡುಕೊಂಡಿತು. 2016ರಲ್ಲಿ ಅದರ ಆ್ಯಪ್‌ಗಳ ಕೋಡ್ ಮುಕ್ತವಾಯಿತು, ಸರ್ವರಿನದು ಆಗಲಿಲ್ಲ. ಓಪನ್ ಸೋರ್ಸ್ ಎಂಬ ಹಣೆಪಟ್ಟಿ ಕಂಡಾಗ ಯಾವ ಭಾಗ ಮುಕ್ತ ಎಂದು ವಿಚಾರಿಸಬೇಕಾದದ್ದು ಇಂಥ ಕಾರಣಕ್ಕೆ.

ತಿರುವು ಬಂದದ್ದು 2016–17ರ ಸುಮಾರಿಗೆ. ಆ ಹೊತ್ತಿಗೆ ಎವರ್‌ನೋಟ್ ಉಚಿತ ಖಾತೆಯನ್ನು ಎರಡು ಸಾಧನಗಳಿಗೆ ಸೀಮಿತಗೊಳಿಸಿತ್ತು. 2016ರ ಡಿಸೆಂಬರಿನಲ್ಲಿ, ಸಿಬ್ಬಂದಿ ಬಳಕೆದಾರರ ಟಿಪ್ಪಣಿಗಳನ್ನು ಓದಬಹುದು ಎಂಬ ಅರ್ಥ ಬರುವ ನಿಯಮ ಪ್ರಕಟಿಸಿ, ಆಕ್ಷೇಪ ಎದ್ದ ಮೇಲೆ ಹಿಂದೆಗೆದುಕೊಂಡಿತ್ತು. ಲೋರಾಂ ಕೊಜಿಕ್ ಅವರ ಜಾಪ್ಲಿನ್ ಹೊರಬಂದದ್ದು 2017ರಲ್ಲಿ. ಸಂಗೀತಗಾರ ಸ್ಕಾಟ್ ಜಾಪ್ಲಿನ್ ನೆನಪಿಗೆ ಆ ಹೆಸರು. ಸರ್ವರ್ ಕಷ್ಟವನ್ನು ಅದು ಜಾಣತನದಿಂದ ಬಗೆಹರಿಸಿತು: ಡ್ರಾಪ್‌ಬಾಕ್ಸ್, ಒನ್‌ಡ್ರೈವ್, ನೆಕ್ಸ್ಟ್‌ಕ್ಲೌಡ್, ಹೀಗೆ ಬಳಕೆದಾರರ ಬಳಿ ಈಗಾಗಲೇ ಇರುವ ಜಾಗವನ್ನೇ ಸಿಂಕ್‌ಗೆ ಬಳಸಿಕೊಂಡಿತು. ಎವರ್‌ನೋಟ್‌ನಿಂದ ಹೊರತೆಗೆದ ಫೈಲನ್ನು ನೇರವಾಗಿ ನುಂಗುವ ಸೌಲಭ್ಯವನ್ನೂ ಕೊಟ್ಟಿತು.

ಜಾಪ್ಲಿನ್ ಸಿಂಕ್ ಮಾಡಿದ ಫೋಲ್ಡರನ್ನು ಒಮ್ಮೆ ತೆರೆದು ನೋಡಿ. ನೀವಿಟ್ಟ ಶೀರ್ಷಿಕೆಗಳು ಫೈಲ್‌ಗಳ ಹೆಸರಿನಲ್ಲಿ ಕಾಣುವುದಿಲ್ಲ. ಒಂದೊಂದು ಹೆಸರೂ 32 ಅಕ್ಷರ-ಅಂಕಿಗಳ ಸರ. ಒಂದನ್ನು ತೆರೆದರೆ ಮೇಲೆ ಟಿಪ್ಪಣಿ, ಕೆಳಗೆ ಬರೆದ ಸಮಯ, ತಿದ್ದಿದ ಸಮಯ ಇತ್ಯಾದಿ ಸಾಲುಗಳು. ಎನ್‌ಕ್ರಿಪ್ಷನ್ ಹಾಕಿದ್ದರೆ ಅದೂ ಓದಲು ಬರುವುದಿಲ್ಲ. ನಿಮ್ಮ ಕಂಪ್ಯೂಟರಿನಲ್ಲಿ ಅದು ಟಿಪ್ಪಣಿಗಳನ್ನು ಇಡುವುದು ಎಸ್‌ಕ್ಯೂಲೈಟ್ ಡೇಟಾಬೇಸ್‌ನಲ್ಲಿ. ಅಂದರೆ ಬರಹ ಆ್ಯಪ್‌ನ ಹೊಟ್ಟೆಯೊಳಗೆ ಇರುತ್ತದೆ, ಆದರೆ ಬಾಗಿಲಿಗೆ ಬೀಗವಿಲ್ಲ: ಒಂದೇ ಆಜ್ಞೆಯಲ್ಲಿ ಎಲ್ಲವನ್ನೂ ಹೆಸರು ಸಮೇತ ಮಾರ್ಕ್‌ಡೌನ್ ಫೈಲ್‌ಗಳಾಗಿ ಹೊರತೆಗೆಯಬಹುದು.

ಸ್ಟ್ಯಾಂಡರ್ಡ್ ನೋಟ್ಸ್ ಗೋಪ್ಯತೆಗೆ ಮೊದಲ ಸ್ಥಾನ ಕೊಟ್ಟಿತು. ಅದರ ಸರ್ವರ್ ಕೋಡ್ ಕೂಡ ಮುಕ್ತ. 2024ರಲ್ಲಿ ಅದು ಪ್ರೋಟಾನ್ ಕಂಪನಿಯ ಜೊತೆ ಸೇರಿತು. ಪಾಕಿಸ್ತಾನದ ಸಣ್ಣ ತಂಡವೊಂದು ಕಟ್ಟಿದ ನೋಟ್ಸ್‌ನೂಕ್ 2022ರಲ್ಲಿ ಕೋಡ್ ಬಿಡುಗಡೆ ಮಾಡಿತು. ಎರಡರಲ್ಲೂ ಪಾಸ್‌ವರ್ಡ್ ನಿಮ್ಮ ಜವಾಬ್ದಾರಿ. ಅದನ್ನು ಮರೆತರೆ (ನೋಟ್ಸ್‌ನೂಕ್‌ನಲ್ಲಾದರೆ ರಿಕವರಿ ಕೀಯನ್ನೂ ಕಳೆದುಕೊಂಡರೆ) ಟಿಪ್ಪಣಿ ಬಿಡಿಸಿಕೊಡಲು ಯಾರಿಂದಲೂ ಆಗದು.

ಟ್ರಿಲಿಯಂನ ಕಥೆ ಬೇರೆ. ಸಾವಿರಾರು ಟಿಪ್ಪಣಿಗಳನ್ನು ಮರದ ಕೊಂಬೆಗಳಂತೆ ಹರಡಿ ಇಡಬಲ್ಲ ಈ ತಂತ್ರಾಂಶವನ್ನು ಹೆಚ್ಚುಕಡಿಮೆ ಒಬ್ಬರೇ ಬೆಳೆಸಿದ್ದರು. 2024ರ ಆರಂಭದಲ್ಲಿ ಅವರು ಇನ್ನು ಹೊಸ ಸೌಲಭ್ಯ ಸೇರಿಸುವುದಿಲ್ಲ ಎಂದರು. ಬಳಕೆದಾರರೇ ಗುಂಪುಗೂಡಿ ಟ್ರಿಲಿಯಂ ನೆಕ್ಸ್ಟ್ ಎಂಬ ಹೆಸರಿನಲ್ಲಿ ಮುಂದುವರಿಸಿದರು. ಪರವಾನಗಿ ಮುಕ್ತವಾಗಿರದಿದ್ದರೆ ಇದು ಸಾಧ್ಯವೇ ಇರಲಿಲ್ಲ. ಆದರೆ ಲಾವೆರ್ನಾ ಎಂಬ ಆ್ಯಪ್‌ನ ಪರವಾನಗಿಯೂ ಮುಕ್ತವಾಗಿತ್ತು; ಅದರ ಕೆಲಸ ನಿಂತಾಗ ಕೈಗೆತ್ತಿಕೊಂಡು ಬೆಳೆಸಲು ಇಂಥ ಗುಂಪು ಬರಲಿಲ್ಲ. ಪರವಾನಗಿ ಅವಕಾಶ ಕೊಡುತ್ತದೆ, ದುಡಿಯುವ ಕೈಗಳನ್ನು ಕೊಡುವುದಿಲ್ಲ.

2020ರಲ್ಲಿ ಬಂದ ಆಬ್ಸಿಡಿಯನ್ ಈ ಚರ್ಚೆಯನ್ನು ತಲೆಕೆಳಗು ಮಾಡಿತು. ಅದು ಮುಕ್ತ ತಂತ್ರಾಂಶವಲ್ಲ. ಆದರೆ ಬರೆದದ್ದೆಲ್ಲ ನಿಮ್ಮದೇ ಫೋಲ್ಡರಿನಲ್ಲಿ, ನೀವಿಟ್ಟ ಹೆಸರಿನಲ್ಲಿ, ಸಾದಾ ಮಾರ್ಕ್‌ಡೌನ್ ಆಗಿ ಇರುತ್ತದೆ. ಅದೇ ಕಾಲದ ಲಾಗ್‌ಸೀಕ್ ಮುಕ್ತ ತಂತ್ರಾಂಶ. ಅದೂ ಫೈಲ್‌ಗಳಿಂದಲೇ ಶುರುವಾಗಿ ಈಚೆಗೆ ಡೇಟಾಬೇಸ್ ಕಡೆ ಹೊರಳುತ್ತಿದೆ. ಕೋಡ್ ಮುಚ್ಚಿದ್ದು ಬರಹ ತೆರೆದಿರುವುದು ಒಂದು, ಕೋಡ್ ತೆರೆದಿದ್ದು ಬರಹ ಡೇಟಾಬೇಸ್‌ಗೆ ಹೋಗುವುದು ಇನ್ನೊಂದು. ಎರಡೂ ತೆರೆದಿರುವುದು ನನ್ನ ಆಯ್ಕೆ. ಒಂದೇ ಸಿಗುವುದಾದರೆ ಬರಹ ತೆರೆದಿರಲಿ ಎನ್ನುತ್ತೇನೆ.

ಹೀಗೆನ್ನಲು ಕನ್ನಡದ ಅನುಭವವೇ ಕಾರಣ. ಯುನಿಕೋಡ್ ಬಳಕೆಗೆ ಬರುವ ಮುಂಚೆ ನುಡಿ, ಬರಹ ಎಂಬ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಲಕ್ಷಾಂತರ ಪುಟಗಳು ನಮ್ಮ ಪತ್ರಿಕಾಲಯಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ, ಕಚೇರಿಗಳಲ್ಲಿ ಉಳಿದಿವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅವನ್ನು ತೆರೆದರೆ ತಲೆಬುಡವಿಲ್ಲದ ರೋಮನ್ ಚಿಹ್ನೆಗಳು. ಒಳಗೆ ಸಂಗ್ರಹವಾದದ್ದು ಕನ್ನಡ ಅಕ್ಷರವಲ್ಲ, ಅಕ್ಷರದ ಚಿತ್ರಕ್ಕೆ ಕೊಟ್ಟ ಸಂಖ್ಯೆ. ಅವನ್ನು ಯುನಿಕೋಡ್‌ಗೆ ತರುವ ಪರಿವರ್ತಕಗಳನ್ನು ಉತ್ಸಾಹಿಗಳು ಬರೆದುಕೊಟ್ಟಿದ್ದರಿಂದ ಎಷ್ಟೋ ಬರಹ ಬದುಕಿತು. ರೂಪ ಆರಿಸುವಾಗ ಎಡವಿದರೆ ಬರೆದದ್ದು ಎದುರಿಗಿದ್ದೂ ಓದಲಾಗದ ಸ್ಥಿತಿ ಬರುತ್ತದೆ ಎಂಬುದನ್ನು ಕನ್ನಡಿಗರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಇಂದಿನ ಆ್ಯಪ್‌ಗಳೆಲ್ಲ ಯುನಿಕೋಡ್ ಬಲ್ಲವು. ತೊಡಕು ಈಗ ಹುಡುಕಾಟಕ್ಕೆ ಸರಿದಿದೆ. ‘ಊರು’ ಎಂದು ಹುಡುಕಿದರೆ ‘ಊರಿಗೆ’, ‘ಊರಿನಲ್ಲಿ’ ಸಿಗುವುದಿಲ್ಲ. ಪ್ರತ್ಯಯ ಸೇರುವಾಗ ಕೊನೆಯ ಉಕಾರ ಬಿದ್ದುಹೋಗುತ್ತದೆ, ತಂತ್ರಾಂಶಕ್ಕೆ ಅದು ತಿಳಿಯದು. ಸಾದಾ ಫೈಲ್‌ಗಳಲ್ಲಿ ಅಕ್ಷರಶಃ ಹುಡುಕುವಾಗ ‘ಊರ’ ಎಂದಷ್ಟೇ ಕೊಟ್ಟರೆ ಎಲ್ಲವೂ ಬರುತ್ತವೆ. ಜಾಪ್ಲಿನ್‌ನಲ್ಲಿ ಪದದ ಕೊನೆಗೆ ನಕ್ಷತ್ರ ಚಿಹ್ನೆ ಹಾಕಿ, ಹಾಗೆ ಶುರುವಾಗುವ ಪದಗಳನ್ನು ಹುಡುಕುವ ಅನುಕೂಲವಿದೆ. ಮುಂದೆ ಓರೆಗೆರೆ ಹಾಕಿದರೆ ಅದು ತನ್ನ ಸೂಚಿಯನ್ನು ಬಿಟ್ಟು ಸಾದಾ ಹುಡುಕಾಟ ಮಾಡುತ್ತದೆ. ಇನ್ನೊಂದು ಸೂಕ್ಷ್ಮವಿದೆ. ‘ಸಾಫ್ಟ್‌ವೇರ್’ ಎಂದು ಬಿಡಿಸಿ ಬರೆಯಲು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಕೂರುತ್ತದೆ. ಅದಿಲ್ಲದೆ ಬರೆದರೆ ವಕಾರ ಒತ್ತಾಗಿ ‘ಸಾಫ್ಟ್ವೇರ್’ ಆಗುತ್ತದೆ. ಅಕ್ಷರಶಃ ಹುಡುಕುವ ಆ್ಯಪ್‌ಗೆ ಇವೆರಡೂ ಬೇರೆ ಬೇರೆ ಪದ. ಫೋನಿನ ಕೀಲಿಮಣೆ ಒಂದು ಬಗೆಯಾಗಿ, ಕಂಪ್ಯೂಟರಿನದು ಇನ್ನೊಂದು ಬಗೆಯಾಗಿ ಬರೆದರೆ ಅರ್ಧ ಟಿಪ್ಪಣಿಗಳು ಹುಡುಕಾಟಕ್ಕೆ ಸಿಗದೆ ಹೋಗುತ್ತವೆ.

ಹಾಗಾಗಿ ಆ್ಯಪ್ ಆರಿಸುವ ಮುನ್ನ ಕೆಲವು ಕನ್ನಡ ಟಿಪ್ಪಣಿ ಬರೆದು ಹುಡುಕಿ ನೋಡಿ. ಒತ್ತಕ್ಷರಗಳ ಬಾಲ ಸಾಲಿನ ಕೆಳಗೆ ಕತ್ತರಿಸಿ ಹೋಗುತ್ತಿದೆಯೇ ಗಮನಿಸಿ. ಎಲ್ಲವನ್ನೂ ಹೊರತೆಗೆದು ಬೇರೊಂದು ಸಂಪಾದಕದಲ್ಲಿ ತೆರೆಯಿರಿ. ಫೋನ್, ಲ್ಯಾಪ್‌ಟಾಪ್ ಎರಡೂ ಬಳಸುವ ಹೆಚ್ಚಿನವರಿಗೆ ನಾನು ಹೇಳುವುದು ಜಾಪ್ಲಿನ್. ಕಂಪ್ಯೂಟರಿನಲ್ಲಷ್ಟೇ ಬರೆಯುವವರಿಗೆ ಜಿಮ್ ಅಥವಾ ಕ್ಯೂಓನ್‌ನೋಟ್ಸ್ ಸಾಕು. ಎರಡೂ ಫೋಲ್ಡರಿನಲ್ಲಿ ಪಠ್ಯದ ಫೈಲ್‌ಗಳನ್ನೇ ಇಡುತ್ತವೆ. ಆಂಡ್ರಾಯ್ಡ್‌ನಲ್ಲಿ ಸಾದಾ ಫೈಲ್‌ಗಳನ್ನೇ ಬಯಸುವವರಿಗೆ ಮಾರ್ಕರ್ ಇದೆ, ಅವನ್ನು ಕಂಪ್ಯೂಟರಿಗೆ ಒಯ್ಯಲು ಸಿಂಕ್‌ಥಿಂಗ್ ಇದೆ. ಸಿಂಕ್‌ಥಿಂಗ್‌ನ ಅಧಿಕೃತ ಆಂಡ್ರಾಯ್ಡ್ ಆ್ಯಪ್ 2024ರ ಡಿಸೆಂಬರಿನಲ್ಲಿ ನಿಂತುಹೋಯಿತು, ಬೇರೆಯವರು ಮುಂದುವರಿಸಿದ ಕವಲನ್ನು ಹುಡುಕಿ ಹಾಕಿಕೊಳ್ಳಬೇಕು. ಒಂದೇ ಟಿಪ್ಪಣಿಯನ್ನು ಹಲವರು ಏಕಕಾಲಕ್ಕೆ ತಿದ್ದಬೇಕೆಂದರೆ ಇವು ಯಾವುವೂ ಗೂಗಲ್ ಡಾಕ್ಸ್‌ನಷ್ಟು ಸಲೀಸಲ್ಲ.

ಕನ್ನಡದ ಹುಡುಕಾಟ ಸರಿಹೋಗಬೇಕಾದರೆ ಯಾವುದೋ ಕಂಪನಿಗೆ ಅರ್ಜಿ ಹಾಕಿ ಕಾಯಬೇಕಿಲ್ಲ. ಎಸ್‌ಕ್ಯೂಲೈಟ್‌ನ ಪಠ್ಯ ಹುಡುಕಾಟದಲ್ಲಿ ಪದಗಳನ್ನು ಬಿಡಿಸುವ ಭಾಗವನ್ನು ಬೇಕಾದವರು ಬರೆದು ಸೇರಿಸಲು ಅವಕಾಶವಿದೆ. ವಿಭಕ್ತಿ ಪ್ರತ್ಯಯ ಕಳಚಿ ‘ಊರಿಗೆ’ಯಲ್ಲಿ ‘ಊರು’ ಗುರುತಿಸುವ, ಕಾಣದ ಸಂಕೇತಗಳನ್ನು ಲೆಕ್ಕಕ್ಕೆ ಹಿಡಿಯದ ಅಂಥದ್ದೊಂದು ತುಣುಕು ಸಿದ್ಧವಾದರೆ ಎಸ್‌ಕ್ಯೂಲೈಟ್ ಬಳಸುವ ಹಲವು ತಂತ್ರಾಂಶಗಳಿಗೆ ಅದು ಒದಗಬಹುದು. ಕನ್ನಡ ವ್ಯಾಕರಣ ಬಲ್ಲವರೂ ಕೋಡ್ ಬರೆಯಬಲ್ಲವರೂ ಒಟ್ಟಿಗೆ ಕೂತು ಮಾಡಬೇಕಾದ ಕೆಲಸ ಅದು.