ಕ್ಯಾಂಪಿನ ಭತ್ತದಿಂದ ಡ್ರೋನ್‌ವರೆಗೆ

ಡ್ರೋನ್ ಬಂದೈತಿ, ನಮ್ಮ ಮಂದಿ ಯಾಕ ಬೇಗ ಒಪ್ಪವಲ್ರು ಅಂತ ಕೇಳೋರು ಬಾಳ. ಉತ್ತರ ನಮ್ಮ ಸಿಂಧನೂರು ಸೀಮೆ ಇತಿಹಾಸದಾಗೇ ಐತಿ.

ತುಂಗಭದ್ರಾ ಅಣೆಕಟ್ಟಿನಿಂದ ಕಾಲುವೆಗೆ ನೀರು ಬಿಟ್ಟಿದ್ದು 1953ರಲ್ಲಿ. ಎಡದಂಡೆಯಲ್ಲಿ ಯೋಜನೆ ಇದ್ದದ್ದು ಹೆಚ್ಚಾಗಿ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗೆ. ಎರಿ ಹೊಲಕ್ಕೆ ನೀರು ಹಾಯಿಸೋದು ನಮ್ಮ ಹಿರಿಯರಿಗೆ ಹೊಸದು. ಆಂಧ್ರದ ಕಡೆಯಿಂದ ಬಂದ ರೈತರು ಕ್ಯಾಂಪು ಹಾಕಿ, ಹೊಲ ಮಟ್ಟ ಮಾಡಿ, ಭತ್ತ ನಾಟಿ ಮಾಡಿದ್ರು. ಬದುವಿನ ಆಚೆ ಚೀಲ ತುಂಬೋದು ಕಂಡ ಮ್ಯಾಲೆ ನಮ್ಮವರೂ ಇಳಿದ್ರು, ಭಾಷಣ ಕೇಳಿ ಅಲ್ಲ.

ಕೊಯ್ಲಿನ ಮಷಿನ್ನೂ ಹಂಗೇ. ಕೊಂಡವರು ಕೆಲವರೇ. ಆಳು ಸಿಗದಾದಾಗ ತಾಸಿನ ಬಾಡಿಗೆಗೆ ಸಿಕ್ತು, ಎರಡೆಕರೆಯವನೂ ಕರೆಸಿದ. ಡ್ರೋನೂ ಎಕರೆ ಲೆಕ್ಕದ ಬಾಡಿಗೆಗೇ ಬರ್ತೈತಿ.

ಆದ್ರ ನೀರು ಉಳಿಸೋ ವಿದ್ಯೆ ಹಂಗ ಬರಲ್ಲ. ರಾಯಚೂರು ಕೃಷಿ ವಿಶ್ವವಿದ್ಯಾಲಯದವರು ಕೂರಿಗೆ ಭತ್ತ ಹೇಳಿಕೊಟ್ರು. ಸಸಿ ಮಡಿ ಬೇಡ, ಕೆಸರು ಮಾಡೋದು ಬೇಡ, ನೀರೂ ಉಳಿತೈತಿ. ಅದು ನಮಗ ನೆನಪಾಗೋದು ಕಾಲುವೆ ನೀರು ತಡ ಆದ ವರ್ಷ. ಯಾಕಂದ್ರ ನೀರಿನ ಕರ ಎಕರೆಗೆ, ಅಳತೆಗಲ್ಲ. ಮ್ಯಾಲಿನವ ಉಳಿಸಿದ್ರ ಲಾಭ ಕೊನೆಭಾಗದವನಿಗೆ.

2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋದಾಗ ಮ್ಯಾಲಿನವ, ಕೆಳಗಿನವ ಇಬ್ಬರಿಗೂ ಒಂದೇ ಭಯ ಇತ್ತು. ತನ್ನ ಚೀಲ ತುಂಬಿಸೋ ಯಂತ್ರವನ್ನ ಒಬ್ಬೊಬ್ಬನೇ ತರ್ತಾನ. ನೀರು ಅಳೆಯೋ ಯಂತ್ರ ಬರಬೇಕಂದ್ರ ಕಾಲುವೆಯವರೆಲ್ಲ ಕೂಡಬೇಕು. ನಿಮ್ಮ ಕಾಲುವೆ ಕಡೆ ಹೆಂಗೈತಿ, ಬರೀರಿ.